ಹೇಗ್ ನಗರದತ್ತ ನೋಡುವ ಮಕ್ಕಳಿಗೆ: ಎಲ್.ಎಲ್.ಎಂ. ಯಾವುದು, ಎಲ್ಲಿ, ಯಾವಾಗ?

2024ರ ಜನವರಿ ತಿಂಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಒಂದು ಹೊಸ ದೃಶ್ಯ ಕಂಡುಬಂತು. ಕ್ರಿಕೆಟ್ ನೋಡುತ್ತಿದ್ದ ಮಕ್ಕಳು ಮೊಬೈಲಿನಲ್ಲಿ ನ್ಯಾಯಾಲಯದ ಕಲಾಪ ನೋಡತೊಡಗಿದರು. ಗಾಝಾದ ವಿಷಯದಲ್ಲಿ ದಕ್ಷಿಣ ಆಫ್ರಿಕಾ ದೇಶವು ಇಸ್ರೇಲಿನ ವಿರುದ್ಧ 2023ರ ಡಿಸೆಂಬರ್ 29ರಂದು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತ್ತು. ಕಪ್ಪು ಗೌನು ತೊಟ್ಟ ವಕೀಲರು ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು, ದನಿ ಏರಿಸದೆ, ಕಾಗದಪತ್ರಗಳ ಆಧಾರದಲ್ಲಿ ವಾದ ಮಂಡಿಸಿದರು. ಜನವರಿ 26ರಂದು ನ್ಯಾಯಾಲಯವು ಮಧ್ಯಂತರ ಆದೇಶ ನೀಡಿತು. ಅಂದಿನಿಂದ ಕಾನೂನು ಓದುವ ನಮ್ಮ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಒಂದೇ: "ಉಸ್ತಾದ್, ಇಂತಹ ವಕೀಲರಾಗಬೇಕಾದರೆ ಏನು ಓದಬೇಕು?"

ಮಕ್ಕಳ ಈ ಆಸೆ ಒಳ್ಳೆಯದು. ಆದರೆ ಹೆತ್ತವರ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು. "ಐದು ವರ್ಷ ಎಲ್.ಎಲ್.ಬಿ. ಓದಿಸಿದ್ದಾಯಿತು. ಈಗ ಎಲ್.ಎಲ್.ಎಂ.ಗೆ ಲಂಡನ್‌ಗೆ ಹೋಗುತ್ತೇನೆ ಅನ್ನುತ್ತಾಳೆ. ಹಿತ್ತಲಿನ ಜಾಗ ಮಾರಿದರೂ ಸಾಲದು. ಕೊನೆಗೆ ಕೆಲಸ ಎಲ್ಲಿ ಸಿಗುತ್ತದೆ ಉಸ್ತಾದರೇ?" ಎಂದು ಕೇಳುವ ತಂದೆಗೆ "ಅಲ್ಲಾಹನ ಮೇಲೆ ಭರವಸೆ ಇಡಿ" ಎಂದಷ್ಟೇ ಹೇಳಿ ಕಳುಹಿಸುವುದು ಸರಿಯಲ್ಲ. ಒಂಟೆಯನ್ನು ಮೊದಲು ಕಟ್ಟಿಹಾಕಬೇಕು, ಆಮೇಲೆ ಭರವಸೆ. ಆದುದರಿಂದ ಈ ಲೇಖನದಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಸ್ನಾತಕೋತ್ತರ ಕಲಿಕೆಯನ್ನು ಹೇಗೆ ಆರಿಸಬೇಕು ಎಂಬ ಬಗ್ಗೆ ಹೆತ್ತವರೂ ಮಕ್ಕಳೂ ಒಟ್ಟಿಗೆ ಕುಳಿತು ಓದುವಂತೆ ಕೆಲವು ವಿಚಾರಗಳನ್ನು ಬರೆಯುತ್ತಿದ್ದೇನೆ.

ಒಂದೇ ಹೆಸರು, ಹಲವು ಕಾನೂನುಗಳು

"ಅಂತಾರಾಷ್ಟ್ರೀಯ ಕಾನೂನು" ಎಂಬುದು ಒಂದು ದೊಡ್ಡ ಮನೆಯ ಹೆಸರು. ಅದರೊಳಗೆ ಅನೇಕ ಕೋಣೆಗಳಿವೆ. ಯಾವ ಕೋಣೆಗೆ ಹೋಗಬೇಕೆಂದು ತಿಳಿಯದೆ ಹೆಬ್ಬಾಗಿಲು ದಾಟಿದವರು ಅಂಗಳದಲ್ಲೇ ಸುತ್ತುತ್ತಾರೆ. ನಾವು ಪತ್ರಿಕೆಗಳಲ್ಲಿ ಓದಿದ ಕೆಲವು ಪ್ರಕರಣಗಳನ್ನೇ ನೆನಪಿಸಿಕೊಂಡರೆ ಈ ಕೋಣೆಗಳ ಪರಿಚಯವಾಗುತ್ತದೆ.

ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾದ ಕುಲಭೂಷಣ್ ಜಾಧವ್ ಪರವಾಗಿ ಭಾರತ 2017ರಲ್ಲಿ ಹೇಗ್‌ಗೆ ಹೋಯಿತು. ಬಂಧಿತನನ್ನು ಅವನ ದೇಶದ ದೂತಾವಾಸದ ಅಧಿಕಾರಿಗಳು ಕಾಣಲು ಬಿಡಬೇಕೆಂಬ 1963ರ ವಿಯೆನ್ನಾ ಒಪ್ಪಂದವೇ ಆ ವಾದದ ಬುನಾದಿ. 2019ರ ಜುಲೈ 17ರಂದು ನ್ಯಾಯಾಲಯವು ಪಾಕಿಸ್ತಾನ ಆ ಒಪ್ಪಂದವನ್ನು ಮುರಿದಿದೆ ಎಂದು ಹೇಳಿ, ಶಿಕ್ಷೆಯ ಮರುಪರಿಶೀಲನೆಗೆ ಆದೇಶಿಸಿತು. ಇದು ದೇಶ ದೇಶಗಳ ನಡುವಿನ ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನು. ಗಲ್ಫ್ ದೇಶಗಳಲ್ಲಿ ಜೈಲು ಸೇರಿದ ನಮ್ಮ ಕಡೆಯ ಬಡ ಕೂಲಿಕಾರನ ಪರವಾಗಿ ರಾಯಭಾರ ಕಚೇರಿಯ ಬಾಗಿಲು ತಟ್ಟುವಾಗಲೂ ಕೆಲಸಕ್ಕೆ ಬರುವುದು ಇದೇ ತತ್ವ.

2012ರ ಫೆಬ್ರವರಿಯಲ್ಲಿ ಕೇರಳದ ಕಡಲಲ್ಲಿ ಇಟಲಿಯ ಹಡಗಿನಿಂದ ಹಾರಿದ ಗುಂಡಿಗೆ ಇಬ್ಬರು ಬಡ ಮೀನುಗಾರರು ಬಲಿಯಾದರು. ಆ ಪ್ರಕರಣ ಸಮುದ್ರ ಕಾನೂನಿನ ಒಪ್ಪಂದದ ಅಡಿಯಲ್ಲಿ ಪಂಚ ನ್ಯಾಯಮಂಡಳಿಗೆ ಹೋಗಿ, 2020ರ ಜುಲೈಯಲ್ಲಿ ತೀರ್ಪು ಪ್ರಕಟವಾಯಿತು. ನಾವಿಕರನ್ನು ವಿಚಾರಣೆ ಮಾಡುವ ಅಧಿಕಾರ ಭಾರತಕ್ಕಿಲ್ಲ, ಆದರೆ ಭಾರತಕ್ಕೆ ಪರಿಹಾರ ಸಲ್ಲಬೇಕು ಎಂದಾಯಿತು. ಇಟಲಿ 10 ಕೋಟಿ ರೂಪಾಯಿ ಕಟ್ಟಿದ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಮುಗಿಸಿತು. ಬಂಗಾಳ ಕೊಲ್ಲಿಯ ಗಡಿಯ ಬಗ್ಗೆ ಭಾರತ ಮತ್ತು ಬಾಂಗ್ಲಾದೇಶದ ವ್ಯಾಜ್ಯ 2014ರಲ್ಲಿ ಇತ್ಯರ್ಥವಾದುದೂ ಇದೇ ಸಮುದ್ರ ಕಾನೂನಿನಿಂದ. ಕಡಲ ಮಕ್ಕಳಾದ ಕರಾವಳಿಯವರಿಗೆ ಈ ಶಾಖೆ ಎಷ್ಟು ಹತ್ತಿರದ್ದು ಎಂಬುದನ್ನು ಯೋಚಿಸಿ.

ಇನ್ನು ಯುದ್ಧದ ಕಾಲದಲ್ಲೂ ಪಾಲಿಸಬೇಕಾದ ನಿಯಮಗಳ ಮಾನವೀಯ ಕಾನೂನು, ಮಾನವ ಹಕ್ಕುಗಳು, ನಿರಾಶ್ರಿತರ ಕಾನೂನು, ಯುದ್ಧಾಪರಾಧ ಮಾಡಿದ ವ್ಯಕ್ತಿಗಳನ್ನು ಶಿಕ್ಷಿಸುವ ಅಂತಾರಾಷ್ಟ್ರೀಯ ಕ್ರಿಮಿನಲ್ ಕಾನೂನು ಒಂದು ಕಡೆ. ಜಾಗತಿಕ ವ್ಯಾಪಾರ, ಬಂಡವಾಳ ಹೂಡಿಕೆ, ಹಡಗು ಸಾಗಣೆ, ಕಂಪೆನಿಗಳ ನಡುವಿನ ಆರ್ಬಿಟ್ರೇಷನ್ ಇನ್ನೊಂದು ಕಡೆ. ಮೊದಲನೆಯ ಕಡೆ ಮನಸ್ಸು ಎಳೆಯುತ್ತದೆ, ಎರಡನೆಯ ಕಡೆ ಸಂಬಳದ ಕೆಲಸ ಹೆಚ್ಚು. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಸಲಹೆ ಕೊಡುವುದು ಪ್ರಾಮಾಣಿಕತೆಯಲ್ಲ.

ಎರಡು ನ್ಯಾಯಾಲಯಗಳನ್ನು ಒಂದೇ ಎಂದುಕೊಳ್ಳುವವರೂ ಇದ್ದಾರೆ. ಹೇಗ್‌ನ ಶಾಂತಿ ಅರಮನೆಯಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯ 1946ರಲ್ಲಿ ಕೆಲಸ ಆರಂಭಿಸಿತು. ಅದು ವಿಶ್ವಸಂಸ್ಥೆಯ ಅಂಗ. ದೇಶಗಳ ವ್ಯಾಜ್ಯ ಮಾತ್ರ ಅಲ್ಲಿಗೆ ಹೋಗುತ್ತದೆ. ಅದೇ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2002ರಿಂದ ಅಸ್ತಿತ್ವದಲ್ಲಿದ್ದು, ಅಲ್ಲಿ ವಿಚಾರಣೆ ನಡೆಯುವುದು ವ್ಯಕ್ತಿಗಳ ಮೇಲೆ. ಭಾರತ ಅದರ ಸದಸ್ಯ ದೇಶವಲ್ಲ. ಸದಸ್ಯ ದೇಶಗಳವರಿಗೆ ಅಲ್ಲಿನ ನೇಮಕಾತಿಯಲ್ಲಿ ಆದ್ಯತೆ ಇರುವುದರಿಂದ ನಮ್ಮ ಮಕ್ಕಳಿಗೆ ಆ ಬಾಗಿಲು ಸ್ವಲ್ಪ ಕಿರಿದು. ಕೇವಲ ಆ ಒಂದು ನ್ಯಾಯಾಲಯವನ್ನೇ ನಂಬಿ ಲಕ್ಷಗಟ್ಟಲೆ ಸುರಿಯುವ ಮೊದಲು ಇದು ಗೊತ್ತಿರಬೇಕು.

ಮೊದಲು ಕೆಲಸ, ಆಮೇಲೆ ಕೋರ್ಸು

ನಮ್ಮಲ್ಲಿ ಒಂದು ರೂಢಿ ಇದೆ. ಪದವಿ ಮುಗಿಯಿತೇ? ಹಾಗಾದರೆ ಸ್ನಾತಕೋತ್ತರ. ಮುಂದೇನು ಎಂದು ಕೇಳಿದರೆ "ನೋಡೋಣ". ಬಿ.ಎ. ಮುಗಿಸಿ ಎಂ.ಎ. ಮಾಡುವಾಗ ಈ "ನೋಡೋಣ" ಹೇಗೋ ನಡೆಯುತ್ತದೆ. ಅಂತಾರಾಷ್ಟ್ರೀಯ ಕಾನೂನಿನಲ್ಲಿ ನಡೆಯುವುದಿಲ್ಲ. ಇಲ್ಲಿ ಮೊದಲು ಯಾವ ಮೇಜಿನ ಹಿಂದೆ ಕೂರಬೇಕೆಂದು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಬರಬೇಕು. ಮುಖ್ಯವಾಗಿ ಐದು ದಾರಿಗಳು ಕಾಣುತ್ತವೆ.

ಒಂದು, ಭಾರತ ಸರಕಾರದ ಕೆಲಸ. ವಿದೇಶಾಂಗ ಸಚಿವಾಲಯದಲ್ಲಿ ಕಾನೂನು ಮತ್ತು ಒಪ್ಪಂದಗಳ ವಿಭಾಗ ಎಂಬುದೊಂದಿದೆ. ದೇಶ ಮಾಡಿಕೊಳ್ಳುವ ಒಪ್ಪಂದಗಳ ಕರಡು ನೋಡುವವರು, ಹೇಗ್‌ನಲ್ಲಿ ದೇಶದ ಪರವಾಗಿ ಕೂರುವವರು ಅಲ್ಲಿನ ಅಧಿಕಾರಿಗಳು. ಯು.ಪಿ.ಎಸ್.ಸಿ. ಮೂಲಕ ಈ ವಿಭಾಗಕ್ಕೆ ಕಾನೂನು ಅಧಿಕಾರಿಗಳ ನೇಮಕವಾಗುತ್ತದೆ. ಐ.ಎಫ್.ಎಸ್. ಎಂದರೆ ಎಲ್ಲರಿಗೂ ಗೊತ್ತು, ಈ ವಿಭಾಗ ಗೊತ್ತಿರುವವರು ಕಡಿಮೆ. ಇದಕ್ಕೆ ಹೋಗಬೇಕೆನ್ನುವವರು ಎಲ್.ಎಲ್.ಎಂ.ನಲ್ಲಿ ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬೇಕು. ಹಳೆಯ ಜಾಹೀರಾತುಗಳಲ್ಲಿ ಕೇಳಿದ ಅರ್ಹತೆಯನ್ನು ಒಮ್ಮೆ ಓದಿ ನೋಡಬೇಕು.

ಎರಡು, ವಿಶ್ವಸಂಸ್ಥೆ ಮತ್ತು ಅದರ ಅಂಗಸಂಸ್ಥೆಗಳು. ಅಲ್ಲಿ ಪಿ-2 ಎಂಬ ಆರಂಭದ ದರ್ಜೆಯ ಕಾನೂನು ಹುದ್ದೆಗೂ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆ ಎರಡು ವರ್ಷದ ಅನುಭವ ಕೇಳುತ್ತಾರೆ. ಬರೀ ಪದವಿಪತ್ರ ಹಿಡಿದು ಹೋದರೆ ಆಗುವುದಿಲ್ಲ. 32 ವರ್ಷದೊಳಗಿನವರಿಗೆ ಪರೀಕ್ಷೆಯ ಮೂಲಕ ನೇಮಕ ಮಾಡುವ ಒಂದು ಯುವ ವೃತ್ತಿಪರರ ಯೋಜನೆ ಇದೆ, ಆದರೆ ಯಾವ ದೇಶದವರು ಬರೆಯಬಹುದು ಎಂಬ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ವಿಶ್ವಸಂಸ್ಥೆಯ ಕಾರ್ಯಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ ಎಂಬುದನ್ನೂ ನೆನಪಿಡಿ. ಜಿನೀವಾದಂತಹ ದುಬಾರಿ ನಗರದಲ್ಲಿ ಮೂರು ತಿಂಗಳು ಸ್ವಂತ ಖರ್ಚಿನಲ್ಲಿರುವುದು ಎಲ್ಲರ ಕೈಯಲ್ಲಿ ಆಗುವ ಮಾತಲ್ಲ.

ಮೂರು, ರೆಡ್‌ಕ್ರಾಸ್‌ನ ಅಂತಾರಾಷ್ಟ್ರೀಯ ಸಮಿತಿ, ನಿರಾಶ್ರಿತರ ಸಂಸ್ಥೆ ಮುಂತಾದ ಸೇವಾ ಕ್ಷೇತ್ರ. ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲವಾದರೂ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ದೆಹಲಿಯಲ್ಲಿ ಕೆಲಸ ಮಾಡುತ್ತಿದೆ. ರೋಹಿಂಗ್ಯಾ, ಅಫಘಾನ್ ಕುಟುಂಬಗಳ ಕಾಗದಪತ್ರದ ಕೆಲಸದಲ್ಲಿ ಯುವ ವಕೀಲರು ಪಡೆಯುವ ಅನುಭವವನ್ನು ಯಾವ ತರಗತಿಯೂ ಕೊಡಲಾರದು.

ನಾಲ್ಕು, ವ್ಯಾಪಾರ ಮತ್ತು ಆರ್ಬಿಟ್ರೇಷನ್. ಮುಂಬೈ, ದೆಹಲಿ, ಬೆಂಗಳೂರು, ಸಿಂಗಾಪುರ, ದುಬೈಗಳ ಕಾನೂನು ಸಂಸ್ಥೆಗಳಲ್ಲಿ ಇದಕ್ಕೆ ಬೇಡಿಕೆ ಇದೆ. ದುಬೈಯ ಹಣಕಾಸು ಕೇಂದ್ರದಲ್ಲಿ ಇಂಗ್ಲಿಷ್ ಭಾಷೆಯಲ್ಲೇ ನಡೆಯುವ ಪ್ರತ್ಯೇಕ ನ್ಯಾಯಾಲಯಗಳಿವೆ. ಕೇಂದ್ರ ವಾಣಿಜ್ಯ ಸಚಿವಾಲಯವು ದೆಹಲಿಯಲ್ಲಿ ಸ್ಥಾಪಿಸಿದ ವ್ಯಾಪಾರ ಮತ್ತು ಹೂಡಿಕೆ ಕಾನೂನು ಕೇಂದ್ರವು ಯುವ ಕಾನೂನು ಪದವೀಧರರನ್ನು ಸಂಶೋಧಕರಾಗಿ ತೆಗೆದುಕೊಳ್ಳುತ್ತದೆ. ಜಾಗತಿಕ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2019ರ ಡಿಸೆಂಬರ್‌ನಿಂದ ಸ್ಥಗಿತಗೊಂಡಿದ್ದರೂ ದೇಶ ದೇಶಗಳ ನಡುವಿನ ವ್ಯಾಪಾರ ಒಪ್ಪಂದಗಳ ಕೆಲಸ ಕಡಿಮೆಯಾಗಿಲ್ಲ.

ಐದು, ಅಧ್ಯಾಪನ ಮತ್ತು ಸಂಶೋಧನೆ. ಇದಕ್ಕೆ ಎಲ್.ಎಲ್.ಎಂ., ನೆಟ್ ಪರೀಕ್ಷೆ, ಆಮೇಲೆ ಪಿಎಚ್.ಡಿ. ದಾರಿ ಉದ್ದ, ಆದರೆ ಸ್ಪಷ್ಟ.

ಈ ಐದರಲ್ಲಿ ಯಾವುದು ಎಂದು ಮಗ ಅಥವಾ ಮಗಳು ಒಂದು ಕಾಗದದಲ್ಲಿ ಬರೆದುಕೊಡಲಿ. ಬರೆಯಲಾಗದಿದ್ದರೆ ಎಲ್.ಎಲ್.ಎಂ. ಅರ್ಜಿಗೆ ಇನ್ನೂ ಕಾಲ ಕೂಡಿಬಂದಿಲ್ಲ ಎಂದೇ ಅರ್ಥ.

ಆದಿಲಾ ಹಾಶಿಮ್ ಅವರಿಂದ ಕಲಿಯಬೇಕಾದುದು

2024ರ ಆ ಕಲಾಪದಲ್ಲಿ ಗಮನ ಸೆಳೆದವರಲ್ಲಿ ಆದಿಲಾ ಹಾಶಿಮ್ ಎಂಬ ದಕ್ಷಿಣ ಆಫ್ರಿಕಾದ ವಕೀಲೆಯೂ ಒಬ್ಬರು. ನಮ್ಮ ಹುಡುಗಿಯರು ಅವರ ಭಾಷಣದ ತುಣುಕುಗಳನ್ನು ಹಂಚಿಕೊಂಡರು. ಆದರೆ ಅದಕ್ಕೆ ಮೊದಲು ಅವರು ಏನು ಮಾಡುತ್ತಿದ್ದರು ಎಂದು ಎಷ್ಟು ಮಂದಿ ಹುಡುಕಿದರು? ಅವರು ತಮ್ಮ ದೇಶದಲ್ಲಿ ಬಡವರ ಆರೋಗ್ಯದ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. 2016ರಲ್ಲಿ ಅಲ್ಲಿನ ಸರಕಾರಿ ಅಧಿಕಾರಿಗಳು ಮಾನಸಿಕ ರೋಗಿಗಳನ್ನು ಸೌಲಭ್ಯವಿಲ್ಲದ ಕೇಂದ್ರಗಳಿಗೆ ಸಾಗಿಸಿ, ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ಕುಟುಂಬಗಳ ಪರವಾಗಿ ನಿಂತವರು ಅವರು. ಹೇಗ್‌ನಲ್ಲಿ ಅವರು ಆಡಿದ ಮಾತಿನ ಹಿಂದೆ ಊರಿನ ಕೋರ್ಟುಗಳಲ್ಲಿ ಕಳೆದ ದಶಕಗಳಿದ್ದವು.

2019ರಲ್ಲಿ ರೋಹಿಂಗ್ಯಾಗಳ ಪರವಾಗಿ ಮ್ಯಾನ್ಮಾರ್ ವಿರುದ್ಧ ಅದೇ ನ್ಯಾಯಾಲಯಕ್ಕೆ ಹೋದ ಪುಟ್ಟ ದೇಶ ಗಾಂಬಿಯಾದ ಕಾನೂನು ಸಚಿವ ಅಬೂಬಕರ್ ತಂಬಾದು ಅವರ ಕಥೆಯೂ ಹೀಗೆಯೇ. ಅವರು ಮೊದಲು ರುವಾಂಡಾದ ನರಮೇಧದ ವಿಚಾರಣೆ ನಡೆಸಿದ ನ್ಯಾಯಮಂಡಳಿಯ ಅಭಿಯೋಜಕರ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದವರು.

ಇದರಿಂದ ಸಿಗುವ ಪಾಠ ಸರಳವಾದುದು. ಎಲ್.ಎಲ್.ಬಿ. ಮುಗಿದ ಮರುದಿನವೇ ವಿದೇಶಕ್ಕೆ ಓಡಬೇಕಾಗಿಲ್ಲ. ಸನದು ಪಡೆದು ಎರಡು ಮೂರು ವರ್ಷ ಒಬ್ಬ ಒಳ್ಳೆಯ ವಕೀಲರ ಕೈಕೆಳಗೆ ಕೆಲಸ ಮಾಡಿದವನಿಗೆ ಅರ್ಜಿಯಲ್ಲಿ ಬರೆಯಲು ವಿಷಯವಿರುತ್ತದೆ, ತರಗತಿಯಲ್ಲಿ ಕೇಳಲು ಪ್ರಶ್ನೆ ಇರುತ್ತದೆ, ವಿದ್ಯಾರ್ಥಿವೇತನ ಸಿಗುವ ಸಾಧ್ಯತೆಯೂ ಹೆಚ್ಚು. ಅಷ್ಟು ಕಾಲದಲ್ಲಿ ಈ ಆಸೆ ನಿಜವೋ ಕ್ಷಣಿಕವೋ ಎಂಬುದೂ ತಿಳಿದುಬರುತ್ತದೆ.

ನಮ್ಮ ದೇಶದಲ್ಲೇ ಓದುವುದಾದರೆ

ವಿದೇಶಕ್ಕೆ ಹೋದರೆ ಮಾತ್ರ ಅಂತಾರಾಷ್ಟ್ರೀಯ ಕಾನೂನು ಎಂಬುದು ತಪ್ಪು ಕಲ್ಪನೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿನ ಒಂದು ವರ್ಷದ ಎಲ್.ಎಲ್.ಎಂ.ಗೆ ಕ್ಲಾಟ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು. ಅದೇ ಒಂದು ಪರೀಕ್ಷೆಯಿಂದ ಹೈದರಾಬಾದ್, ಕೋಲ್ಕತ್ತ, ಭೋಪಾಲ್ ಮುಂತಾದ ಕಡೆಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೂ ಪ್ರಯತ್ನಿಸಬಹುದು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾದ ಬಳಿಕ ಊರಿಗೆ ಹತ್ತಿರದಲ್ಲೇ ಕಡಿಮೆ ಖರ್ಚಿನಲ್ಲಿ ಎಲ್.ಎಲ್.ಎಂ. ಮಾಡುವ ಅವಕಾಶವೂ ಇದೆ. ಆದರೆ ಸೇರುವ ಮೊದಲು ಆ ಕಾಲೇಜಿನಲ್ಲಿ ಯಾವ ವಿಶೇಷ ವಿಷಯ ಇದೆ ಎಂದು ಕೇಳಿಕೊಳ್ಳಬೇಕು.

ದೆಹಲಿಯ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯ ಸಾರ್ಕ್ ದೇಶಗಳು ಸೇರಿ ಸ್ಥಾಪಿಸಿದ್ದು, 2010ರಿಂದ ನಡೆಯುತ್ತಿದೆ. ಅಲ್ಲಿನ ಎಲ್.ಎಲ್.ಎಂ.ನ ಒತ್ತು ಅಂತಾರಾಷ್ಟ್ರೀಯ ಕಾನೂನಿನ ಮೇಲೆಯೇ. ನೇಪಾಳ, ಬಾಂಗ್ಲಾ, ಶ್ರೀಲಂಕಾದ ಸಹಪಾಠಿಗಳ ಜೊತೆ ಒಂದೇ ಬೆಂಚಿನಲ್ಲಿ ಕೂತು ನೆರೆಹೊರೆಯ ವ್ಯಾಜ್ಯಗಳನ್ನು ಚರ್ಚಿಸುವುದೇ ಒಂದು ಶಿಕ್ಷಣ. ದೆಹಲಿಯಲ್ಲೇ 1959ರಲ್ಲಿ ಸ್ಥಾಪನೆಯಾದ ಭಾರತೀಯ ಅಂತಾರಾಷ್ಟ್ರೀಯ ಕಾನೂನು ಸೊಸೈಟಿ ಇದೆ. ಅದರ ಸ್ನಾತಕೋತ್ತರ ಡಿಪ್ಲೊಮಾಗಳು ಪೂರ್ಣ ಪದವಿಗೆ ಸಮಾನವಲ್ಲ, ಆದರೆ ಈ ವಿಷಯ ತನಗೆ ಒಗ್ಗುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಲು ಒಳ್ಳೆಯ ಮಾರ್ಗ.

ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಒಂದು ವರ್ಷದ ಎಲ್.ಎಲ್.ಎಂ. ಮತ್ತು ಎರಡು ವರ್ಷದ ಎಲ್.ಎಲ್.ಎಂ. ಎರಡೂ ಇವೆ. ಒಂದು ವರ್ಷದ ಕೋರ್ಸನ್ನು ರದ್ದುಪಡಿಸುವ ನಿಯಮವನ್ನು ಬಾರ್ ಕೌನ್ಸಿಲ್ 2021ರ ಜನವರಿಯಲ್ಲಿ ಪ್ರಕಟಿಸಿ, ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ವಿದೇಶದ ಎಲ್.ಎಲ್.ಎಂ.ಗಳಲ್ಲಿ ಹೆಚ್ಚಿನವು ಒಂದು ವರ್ಷದವು. ಊರಿಗೆ ಮರಳಿ ಉಪನ್ಯಾಸಕರಾಗಬೇಕು ಎನ್ನುವವರು ತಮ್ಮ ಪದವಿಗೆ ಇಲ್ಲಿ ಸಮಾನತೆಯ ಮಾನ್ಯತೆ ಸಿಗುತ್ತದೆಯೇ ಎಂಬುದನ್ನು ಫೀಸು ಕಟ್ಟುವ ಮೊದಲೇ ಲಿಖಿತವಾಗಿ ವಿಚಾರಿಸಬೇಕು.

ಹೊರದೇಶಕ್ಕೆ ಹೋಗುವುದಾದರೆ

ಇಲ್ಲಿಯೂ ಊರಿನ ಹೆಸರಿಗಿಂತ ವಿಷಯದ ಹೆಸರು ಮುಖ್ಯ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯ 1575ರಷ್ಟು ಹಳೆಯದು. ಯುರೋಪಿನಲ್ಲಿ ಈ ಶಾಸ್ತ್ರದ ಜನಕ ಎನಿಸಿದ ಗ್ರೋಷಿಯಸ್ ಓದಿದ್ದೂ ಅಲ್ಲಿಯೇ. ಹೇಗ್‌ಗೆ ಹತ್ತಿರವಿರುವ ಈ ವಿಶ್ವವಿದ್ಯಾಲಯ ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನಿಗೆ ಹೆಸರಾಗಿದೆ. ಯುದ್ಧ ನಿಯಮ, ಮಾನವ ಹಕ್ಕುಗಳಿಗೆ ಜಿನೀವಾ ಅಕಾಡೆಮಿ. ವಿಶಾಲವಾದ ಅಡಿಪಾಯಕ್ಕೆ ಕೇಂಬ್ರಿಜ್, ಲಂಡನ್‌ನ ಕಾಲೇಜುಗಳು, ಅಮೆರಿಕದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ. ವ್ಯಾಪಾರ ಮತ್ತು ಆರ್ಬಿಟ್ರೇಷನ್‌ಗೆ ಸಿಂಗಾಪುರ. ಹಡಗು ಮತ್ತು ಸಮುದ್ರದ ಕಾನೂನಿಗೆ ಮಾಲ್ಟಾದಲ್ಲಿ ಅಂತಾರಾಷ್ಟ್ರೀಯ ಕಡಲ ಸಂಘಟನೆ 1988ರಲ್ಲಿ ಸ್ಥಾಪಿಸಿದ ಸಂಸ್ಥೆ. ಅಲ್ಲಿಗೆ ಹೆಚ್ಚಾಗಿ ಸರಕಾರಗಳು ನಾಮನಿರ್ದೇಶನ ಮಾಡಿದವರು ಹೋಗುತ್ತಾರೆ. ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆಂದೇ ಮೀಸಲಿಟ್ಟಿರುವುದು ಅದರ ವಿಶೇಷ.

ಏಜೆಂಟರು ತೋರಿಸುವ ಬಣ್ಣದ ಪುಸ್ತಕವನ್ನೂ ರ‍್ಯಾಂಕಿಂಗ್ ಪಟ್ಟಿಯನ್ನೂ ಬದಿಗಿಟ್ಟು ಈ ಪ್ರಶ್ನೆಗಳನ್ನು ಕೇಳಿ. ನಿಮಗೆ ಬೇಕಾದ ವಿಷಯವನ್ನು ಕಲಿಸುವ ಪ್ರಾಧ್ಯಾಪಕರು ಈ ವರ್ಷ ಅಲ್ಲಿದ್ದಾರೆಯೇ, ರಜೆಯಲ್ಲಿದ್ದಾರೆಯೇ? ಪ್ರಬಂಧ ಬರೆಯುವುದು ಕಡ್ಡಾಯವೇ? ನಿಜವಾದ ಪ್ರಕರಣಗಳಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಕೊಡುವ ಕಾನೂನು ಕ್ಲಿನಿಕ್ ಇದೆಯೇ? ಐದು ವರ್ಷ ಹಿಂದೆ ಅಲ್ಲಿ ಓದಿದ ಭಾರತೀಯರು ಈಗ ಎಲ್ಲಿದ್ದಾರೆ? ಕಡೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅಂತಹ ಇಬ್ಬರು ಮೂವರನ್ನು ಹುಡುಕಿ ವಿನಯದಿಂದ ಒಂದು ಇ-ಮೇಲ್ ಬರೆದರೆ ಉತ್ತರ ಕೊಡುವವರು ಇದ್ದೇ ಇರುತ್ತಾರೆ.

ವಿಶ್ವವಿದ್ಯಾಲಯವು ತನ್ನ ಪದವೀಧರರನ್ನು ಅಂತಾರಾಷ್ಟ್ರೀಯ ನ್ಯಾಯಾಲಯದ ಫೆಲೋಶಿಪ್‌ಗೆ ನಾಮನಿರ್ದೇಶನ ಮಾಡುತ್ತದೆಯೇ ಎಂದೂ ವಿಚಾರಿಸಿ. ಅಲ್ಲಿನ ನ್ಯಾಯಾಧೀಶರ ಜೊತೆ ಕೆಲಸ ಮಾಡುವ ಈ ಅವಕಾಶಕ್ಕೆ ನೇರವಾಗಿ ಅರ್ಜಿ ಹಾಕುವಂತಿಲ್ಲ, ವಿಶ್ವವಿದ್ಯಾಲಯದ ಮೂಲಕವೇ ಹೋಗಬೇಕು. ಖರ್ಚನ್ನು ವಿಶ್ವವಿದ್ಯಾಲಯವೇ ಭರಿಸಬೇಕಾಗಿದ್ದುದರಿಂದ ಶ್ರೀಮಂತ ದೇಶಗಳ ಮಕ್ಕಳಿಗೇ ಇದು ಸಿಗುತ್ತಿತ್ತು. ಅಭಿವೃದ್ಧಿಶೀಲ ದೇಶಗಳ ವಿಶ್ವವಿದ್ಯಾಲಯಗಳಿಗಾಗಿ ಒಂದು ನಿಧಿ ಸ್ಥಾಪಿಸಲು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2020ರಲ್ಲಿ ನಿರ್ಣಯ ಕೈಗೊಂಡಿತು.

ದುಡ್ಡಿನ ಮಾತು

ಲಂಡನ್‌ನಂತಹ ನಗರದಲ್ಲಿ ಒಂದು ವರ್ಷದ ಎಲ್.ಎಲ್.ಎಂ.ಗೆ ಫೀಸು, ಬಾಡಿಗೆ, ಊಟ, ವಿಮಾನ ಎಲ್ಲ ಸೇರಿ ನಲ್ವತ್ತು, ಐವತ್ತು ಲಕ್ಷ ದಾಟುವುದು ಸಾಮಾನ್ಯ. ಈ ಕ್ಷೇತ್ರದಲ್ಲಿ ಆರಂಭದ ವರ್ಷಗಳ ಸಂಪಾದನೆ ಅಷ್ಟು ಬೇಗ ಆ ಮೊತ್ತವನ್ನು ತುಂಬಿಕೊಡುವುದಿಲ್ಲ. ಬಡ್ಡಿಯ ಸಾಲ ಬೇಡವೆಂದು ತೀರ್ಮಾನಿಸಿದ ಕುಟುಂಬಗಳಿಗೆ ಈ ಲೆಕ್ಕ ಇನ್ನಷ್ಟು ಗಂಭೀರವಾದುದು. ಅಕ್ಕನ ಮದುವೆಗೆಂದು ಇಟ್ಟ ಚಿನ್ನ, ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಮನೆ, ಇವುಗಳನ್ನು ಒಬ್ಬರ ಒಂದು ವರ್ಷದ ಓದಿಗೆ ಒತ್ತೆಯಿಡುವ ಮೊದಲು ಮನೆಯವರೆಲ್ಲರೂ ಕೂತು ಮಾತನಾಡಬೇಕು. ಓದುವ ಮಗ ಅಥವಾ ಮಗಳೇ ಆ ಲೆಕ್ಕವನ್ನು ಕಾಗದದಲ್ಲಿ ಬರೆದು ಮುಂದಿಡಲಿ. ಕಾನೂನು ಓದಿದವರಿಗೆ ಅದು ಕಷ್ಟವೇನಲ್ಲ!

ಹೊರೆ ಇಳಿಸುವ ದಾರಿಗಳೂ ಇವೆ. ಬ್ರಿಟಿಷ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಪೂರ್ಣ ಖರ್ಚು ಭರಿಸುತ್ತದೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಮೊದಲು ಕೆಲಸ ಮಾಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಇನ್‌ಲ್ಯಾಕ್ಸ್ ಪ್ರತಿಷ್ಠಾನ, 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿಯ ಸಾಲ ವಿದ್ಯಾರ್ಥಿವೇತನ ಇವೆಲ್ಲವೂ ವಿಚಾರಿಸಬೇಕಾದವು. ಟಾಟಾ ದತ್ತಿಯದು ಮರುಪಾವತಿಯ ಸಾಲ, ಆದುದರಿಂದ ಷರತ್ತುಗಳನ್ನು ಓದಿಯೇ ಸಹಿ ಹಾಕಿ. ಕೇಂದ್ರ ಸರಕಾರವು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ನೀಡುತ್ತಿದ್ದ 'ಪಢೋ ಪರದೇಶ್' ನೆರವು 2022-23ರಲ್ಲಿ ನಿಂತುಹೋಗಿದೆ. ಹಳೆಯ ಕರಪತ್ರ ನೋಡಿ ಅದನ್ನು ನಂಬಿ ಹೊರಡಬೇಡಿ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಹೋಗಿ, ವಿದೇಶ ವ್ಯಾಸಂಗಕ್ಕೆ ಈ ವರ್ಷದ ಸೌಲಭ್ಯವೇನು, ಕಾನೂನು ಕೋರ್ಸು ಅದರಲ್ಲಿ ಸೇರಿದೆಯೇ, ಆದಾಯದ ಮಿತಿ ಎಷ್ಟು ಎಂದು ಕೇಳಿ. ಪ್ರಕಟಣೆ ಹೊರಟ ವಾರದಲ್ಲೇ ಹೋಗಬೇಕು. ಕೊನೆಯ ದಿನ ಆದಾಯ ಪ್ರಮಾಣಪತ್ರಕ್ಕೆ ಓಡುವವರನ್ನು ನಾವು ಪ್ರತಿವರ್ಷ ನೋಡುತ್ತಿದ್ದೇವೆ.

ಇದಾವುದೂ ಆಗದಿದ್ದರೆ ನಿರಾಶರಾಗಬೇಡಿ. ಊರಿನಲ್ಲೇ ಎಲ್.ಎಲ್.ಎಂ. ಮಾಡಿ, ಬೇಸಗೆಯಲ್ಲಿ ಹೇಗ್ ಅಕಾಡೆಮಿಯ ಮೂರು ವಾರದ ಕೋರ್ಸಿಗೆ ಪ್ರಯತ್ನಿಸಬಹುದು. ಅದು 1923ರಿಂದ ನಡೆಯುತ್ತಿದ್ದು, ಅರ್ಹರಿಗೆ ವಿದ್ಯಾರ್ಥಿವೇತನವೂ ಇದೆ. ವಿಶ್ವಸಂಸ್ಥೆಯ ದೃಶ್ಯ-ಶ್ರವ್ಯ ಗ್ರಂಥಾಲಯದಲ್ಲಿ ಜಗತ್ತಿನ ದೊಡ್ಡ ವಿದ್ವಾಂಸರ ಉಪನ್ಯಾಸಗಳನ್ನು ಮನೆಯಲ್ಲೇ ಕೂತು ಉಚಿತವಾಗಿ ಕೇಳಬಹುದು.

ಮದ್ರಸಾದಲ್ಲಿ ಕಲಿತವರಿಗೆ ಒಂದು ಮಾತು

ನಾನು ಮದ್ರಸಾದಲ್ಲಿ ಕಲಿತು, ಜೊತೆಗೆ ಬಿ.ಎ. ಮಾಡಿದವನು. ಫಿಕ್ಹ್ ಗ್ರಂಥಗಳಲ್ಲಿ 'ಸಿಯರ್' ಎಂಬ ಅಧ್ಯಾಯ ಓದಿದವರಿಗೆ ಈ ವಿಷಯ ಪೂರ್ತಿ ಹೊಸದೆನಿಸದು. ಯುದ್ಧ, ಸಂಧಿ, ರಾಯಭಾರಿಗಳ ರಕ್ಷಣೆ, ಅಭಯ ಕೇಳಿ ಬಂದವನ ಹಕ್ಕುಗಳ ಬಗ್ಗೆ ಕ್ರಿ.ಶ. 805ರಲ್ಲಿ ನಿಧನರಾದ ಇಮಾಮ್ ಮುಹಮ್ಮದ್ ಶೈಬಾನಿಯವರು ಗ್ರಂಥ ಬರೆದಿದ್ದರು. ಗ್ರೋಷಿಯಸ್‌ನ ಗ್ರಂಥ ಹೊರಬಂದದ್ದು 1625ರಲ್ಲಿ. ಆದರೆ ಪೂರ್ವಜರ ಹೆಸರು ಹೇಳಿ ಹೆಮ್ಮೆಪಡುವುದರಿಂದ ಇಂದಿನ ಕೋರ್ಟಿನಲ್ಲಿ ವಾದ ಗೆಲ್ಲುವುದಿಲ್ಲ. ವಿಶ್ವಸಂಸ್ಥೆಯ ಸನ್ನದು, ಜಿನೀವಾ ಒಪ್ಪಂದಗಳು, ತೀರ್ಪುಗಳು ಬಾಯಿಗೆ ಬರಬೇಕು.

ಅರಬಿ ಭಾಷೆ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಕಾನೂನಿನ ಜೊತೆ ಅರಬಿ ಬಲ್ಲ ಭಾರತೀಯರು ಕಡಿಮೆ. ಇದು ನಮ್ಮ ಮಕ್ಕಳ ಕೈಯಲ್ಲಿರುವ ಬಂಡವಾಳ. ಆದರೆ ಕಿತಾಬುಗಳ ಅರಬಿ ಬೇರೆ, ಇಂದಿನ ಕರಾರುಪತ್ರದ ಅರಬಿ ಬೇರೆ. ಅರಬಿ ಪತ್ರಿಕೆ ಓದಿ, ಸುದ್ದಿ ಕೇಳಿ, ಬರೆದು ಅಭ್ಯಾಸ ಮಾಡಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಆದುದರಿಂದ ಫ್ರೆಂಚ್ ಕಲಿತವರಿಗೆ ಹೆಚ್ಚಿನ ಅನುಕೂಲವಿದೆ.

ಇನ್ನೊಂದು ಮುಖ್ಯ ವಿಷಯ. ಕೇವಲ ಮದ್ರಸಾ ಪ್ರಮಾಣಪತ್ರದಿಂದ ಎಲ್.ಎಲ್.ಬಿ. ಸೇರಬಹುದು ಎಂದು ಭಾವಿಸಬೇಡಿ. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಪದವಿ ಎಂಬ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಿರಬೇಕು. ಪಿ.ಯು.ಸಿ. ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಪಡೆದ ಪದವಿಯನ್ನು ಬಾರ್ ಕೌನ್ಸಿಲ್‌ನ 2008ರ ನಿಯಮಗಳು ಒಪ್ಪುವುದಿಲ್ಲ. ದರ್ಸ್‌ನಲ್ಲಿರುವಾಗಲೇ ಮಕ್ಕಳಿಗೆ ಪಿ.ಯು.ಸಿ. ಪರೀಕ್ಷೆ ಬರೆಸುವುದು ಎಷ್ಟು ಅಗತ್ಯವೆಂದು ಇದರಿಂದ ತಿಳಿಯಬಹುದು.

ಹೆಣ್ಣುಮಕ್ಕಳ ಹೆತ್ತವರೊಡನೆ

"ಅಷ್ಟು ದೂರ ಹುಡುಗಿಯನ್ನು ಹೇಗೆ ಕಳುಹಿಸುವುದು?" ಎಂಬ ತಾಯಂದಿರ ಕಳವಳವನ್ನು ಹಗುರವಾಗಿ ನೋಡಬಾರದು. ಆದರೆ ಆ ಕಳವಳಕ್ಕೆ ಪರಿಹಾರ ಹುಡುಕದೆ ಬಾಗಿಲು ಮುಚ್ಚುವುದೂ ಸರಿಯಲ್ಲ. ಮೊದಲು ಬೆಂಗಳೂರು, ಆಮೇಲೆ ದೆಹಲಿ, ಅನಂತರ ಹೊರದೇಶ ಎಂದು ಹಂತಹಂತವಾಗಿ ಹೋಗಬಹುದು. ಸಂಬಂಧಿಕರಿರುವ ನಗರ, ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲ್, ಮದುವೆಯ ಮಾತುಕತೆಯಲ್ಲೇ ಓದಿನ ವಿಷಯ ಸ್ಪಷ್ಟವಾಗಿ ಹೇಳಿಬಿಡುವುದು, ಇವೆಲ್ಲ ಕುಟುಂಬಗಳು ಕಂಡುಕೊಂಡ ದಾರಿಗಳು. ನಮ್ಮ ವಿದೇಶಾಂಗ ಸಚಿವಾಲಯದ ಕಾನೂನು ವಿಭಾಗದ ಮುಖ್ಯಸ್ಥೆಯಾಗಿದ್ದ ನೀರೂ ಛಡ್ಡಾ ಅವರು 2017ರಲ್ಲಿ ಹ್ಯಾಂಬರ್ಗ್‌ನ ಅಂತಾರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಗೆ ಆಯ್ಕೆಯಾದ ಮೊದಲ ಭಾರತೀಯ ಮಹಿಳೆ.

ಇಂದಿನಿಂದಲೇ ಮಾಡಬಹುದಾದುದು

ಎಲ್.ಎಲ್.ಬಿ. ಮೂರನೇ ವರ್ಷದಲ್ಲಿರುವವರು ಅಣಕು ನ್ಯಾಯಾಲಯದ ಸ್ಪರ್ಧೆಗೆ ಹೆಸರು ಕೊಡಿ. ಜೆಸಪ್ ಎಂಬ ಜಾಗತಿಕ ಸ್ಪರ್ಧೆ 1960ರಿಂದ ನಡೆಯುತ್ತಿದೆ. ಗೆಲ್ಲದಿದ್ದರೂ ಅದಕ್ಕಾಗಿ ಮಾಡಿದ ತಯಾರಿ ವ್ಯರ್ಥವಾಗುವುದಿಲ್ಲ. ತಿಂಗಳಿಗೆ ಒಂದು ತೀರ್ಪನ್ನು ಪೂರ್ತಿ ಓದಿ, ಎರಡು ಪುಟ ಟಿಪ್ಪಣಿ ಬರೆಯಿರಿ. ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಅಧ್ಯಾಪಕರ ಸಂಪರ್ಕದಲ್ಲಿರಿ, ಶಿಫಾರಸು ಪತ್ರ ಬರೆಯಬೇಕಾದವರು ಅವರೇ. ವಿದೇಶದ ಅರ್ಜಿಗಳು ಸಾಮಾನ್ಯವಾಗಿ ಸೇರುವ ಒಂದು ವರ್ಷ ಮೊದಲೇ ತೆರೆಯುತ್ತವೆ ಎಂಬುದು ನೆನಪಿರಲಿ.

ಪ್ರಬಂಧದ ವಿಷಯವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ವಲಸೆ ಕಾರ್ಮಿಕರ ಹಕ್ಕುಗಳ ವಿಶ್ವಸಂಸ್ಥೆಯ ಒಪ್ಪಂದ 1990ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. ಕೂಲಿಕಾರರನ್ನು ಕಳುಹಿಸುವ ಭಾರತವೂ ಅದಕ್ಕೆ ಸೇರಿಲ್ಲ, ಅವರನ್ನು ದುಡಿಸಿಕೊಳ್ಳುವ ಗಲ್ಫ್ ದೇಶಗಳೂ ಸೇರಿಲ್ಲ. ಸಂಬಳ ಸಿಗದೆ, ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಮರಳಿದವರು ನಮ್ಮ ಬೀದಿಗಳಲ್ಲೇ ಇದ್ದಾರೆ. ಅವರ ಕಥೆಯನ್ನು ಕಾನೂನಿನ ಭಾಷೆಯಲ್ಲಿ ಬರೆಯುವವರು ಬೇಕಾಗಿದ್ದಾರೆ. ಅಂತಹ ಪ್ರಬಂಧ ಬರೆದ ವಿದ್ಯಾರ್ಥಿಯನ್ನು ಯಾವ ಪ್ರಾಧ್ಯಾಪಕರೂ ಮರೆಯುವುದಿಲ್ಲ.

ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ 1952ರಲ್ಲಿ ಕುಳಿತ ಮೊದಲ ಭಾರತೀಯ ಬೆನಗಲ್ ನರಸಿಂಗ ರಾವ್ ಅವರು ಹುಟ್ಟಿದ್ದು 1887ರಲ್ಲಿ, ನಮ್ಮದೇ ಮಂಗಳೂರಿನಲ್ಲಿ. ಸಂವಿಧಾನ ರಚನೆಗೆ ಸಲಹೆಗಾರರಾಗಿ, ವಿಶ್ವಸಂಸ್ಥೆಯಲ್ಲಿ ದೇಶದ ಪ್ರತಿನಿಧಿಯಾಗಿ ದುಡಿದ ಬಳಿಕ ಅವರು ಆ ಪೀಠಕ್ಕೆ ಹೋದರು. ಹೇಗ್ ನಮ್ಮ ಊರಿನಿಂದ ತಲುಪಲಾಗದ ದೂರದಲ್ಲೇನೂ ಇಲ್ಲ. ಆದರೆ ಅಲ್ಲಿಗೆ ಅಡ್ಡದಾರಿಯೂ ಇಲ್ಲ. ಯಾವ ಕೆಲಸ, ಯಾವ ವಿಷಯ, ಯಾವ ಸಂಸ್ಥೆ, ಯಾರ ದುಡ್ಡು ಎಂಬ ನಾಲ್ಕು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಬರೆದುಕೊಂಡು ಹೊರಡುವ ಮಕ್ಕಳಿಗೆ ಹೆತ್ತವರು ಧೈರ್ಯವಾಗಿ ಬೆನ್ನು ತಟ್ಟಲಿ.